ಇತರೆ ವೆಚ್ಚ

ಮಾರ್ಚ್ ಮೂವತ್ತೊಂದು ಅಲ್ಲ,
ಮೂವತ್ತೊಂದು ಮಾರ್ಚ್.
ಅಷ್ಟು ಕಂಡೀನಿ ಧಾರವಾಡದ ಈ ಲೆಕ್ಕಪತ್ರ ವಿಭಾಗದಾಗ,
ಫ್ಯಾನಿನ ಗಾಳಿಗೆ ಹಾರೂ ವೋಚರಿನ ಮ್ಯಾಲೆ
ನವಲೂರಿನ ಕಾಯಿಪೇರಲ ಇಟ್ಟು.

ನಾ ಸೇರಿದ ವರ್ಷ ರೊಕ್ಕೆಲ್ಲ ಹತ್ತಿ ಕಡೆ ಹೊಂಟಿತ್ತು.
ಕಾಯಿಕೊರಕ ಅನ್ನೂ ಒಂದು ಹುಳಕ್ಕ
ಎರಡು ಜೀಪು, ಒಂದು ತಂಪು ಕೋಣಿ, ಏಳು ಮಂದಿ.
ಹುಳದ ನಸೀಬ ನೋಡ್ರಿ ಅಂತ ಸಿಪಾಯಿ ನಗತಿದ್ದ,
ನಮಗ ಕ್ವಾರ್ಟರ್ಸ್ ಇಲ್ಲ, ಅದಕ್ಕ ಏಸಿ.

ಆಮ್ಯಾಲೆ ಜೀವತಂತ್ರಜ್ಞಾನ ಬಂತು.
ಬಾಗಿಲಿನ ಬೋರ್ಡು ಬದಲಾತು, ಒಳಗಿನ ಮಂದಿ ಅವರ.
ಆಮ್ಯಾಲೆ ನ್ಯಾನೋ.
ಎರೆಮಣ್ಣಿನ ಮಾಸ್ತರರೂ ಅರ್ಜಿ ಬರದ್ರು, ನ್ಯಾನೋ ಮಣ್ಣು ಅಂತ.
ಸಿರಿಧಾನ್ಯದ್ದೊಂದು ವರ್ಷ; ನವಣಿ, ಸಾವಿ ಅಂದವರೆಲ್ಲ
ದಿಲ್ಲಿಗೆ ವಿಮಾನದಾಗ ಹೋಗಿ ಬಂದ್ರು.
ಈಗ ಡ್ರೋನು, ಈಗ ಕೃತಕ ಬುದ್ಧಿ.
ತಪ್ಪಂತ ಹೇಳಾಕತ್ತಿಲ್ಲ ನಾ.
ನೀರು ಇಳಿಜಾರಿಗೇ ಹರೀತೈತಿ;
ಇಳಿಜಾರು ಎಲ್ಲಿರಬೇಕು ಅನ್ನೂದನ್ನ
ದೂರ ಕುಂತವರು ಸಲಿಕಿ ಹಿಡದು ತೀರ್ಮಾನ ಮಾಡ್ತಾರ.

ಲೆಡ್ಜರಿನಾಗ ಒಂದು ಸಾಲು:
ಸಸ್ಯಸಂಗ್ರಹಾಲಯ, ಹುಲ್ಲಿನ ವಿಭಾಗ.
ಹದಿನೆಂಟು ಸಾವಿರ. ಹದಿನೆಂಟು. ಹನ್ನೊಂದು. ಆರು.
ಒಂದು ವರ್ಷ ಗೀಟು. ಸೊನ್ನಿ ಅಲ್ಲ, ಗೀಟು.
ಸೊನ್ನಿ ಅಂದ್ರ ಕೇಳಿದ್ರು, ಕೊಡಲಿಲ್ಲ.
ಗೀಟು ಅಂದ್ರ ಕೇಳೂದನ್ನೂ ಬಿಟ್ರು.

ಡಾ. ನೀಲಾಂಬಿಕಾ ಉಪ್ಪಿನ ಆ ಸಾಲಿನ ಒಡತಿ.
ಕಪ್ಪತಗುಡ್ಡ ಹತ್ತಿ, ಮೊಣಕಾಲೂರಿ, ಹುಲ್ಲು ಎಣಿಸಿದವರು.
'ಇದರಿಂದ ಏನ್ ಉಪಯೋಗ' ಅಂತ ಸಮಿತಿ ಕೇಳಿತ್ತು.
'ದನಾ ಕೇಳ್ರಿ' ಅಂದಿದ್ರು.
ಅನುದಾನ ಬರಲಿಲ್ಲ. ಆ ಮಾತು ಮಾತ್ರ
ಕ್ಯಾಂಟೀನಿನಾಗ ಗಿರ್ಮಿಟ್ ಜೋಡಿ ಭಾಳ ದಿನ ಓಡ್ತು.

ಒಂದು ಜುಲೈದಾಗ ನನ್ನ ಟೇಬಲ್ಲಿಗೆ ಬಂದ್ರು:
ನಾಲ್ಕು ಸಾವಿರದ ಇನ್ನೂರು, ಡಾಂಬರಗುಳಿಗಿಗೆ.
ಥಂಡಿಗೆ ಹುಳ ಬೀಳಾಕತ್ತಾವು ಅಂದ್ರು.
ನಾ ಶೀರ್ಷಿಕೆ ಹುಡುಕಿದೆ. ರಾಸಾಯನಿಕದಾಗ ಬಾಕಿ ಇಲ್ಲ.
ಲೇಖನ ಸಾಮಗ್ರಿಗೆ ಹಾಕಾಕ ಬರೂದಿಲ್ಲ.
'ಇತರೆ ವೆಚ್ಚ' ಇತ್ತು. ಅದರಾಗ ಹೊಸಾ ಪ್ರಯೋಗಾಲಯದ
ಉದ್ಘಾಟನೆಯ ಶಾಲು, ಹಣ್ಣಿನ ಬುಟ್ಟಿ ಇಟ್ಟಿದ್ದೆ.
ನಿಯಮ ಇಲ್ರಿ ಮೇಡಮ್, ಅಂದೆ.
ನಿಯಮ ಇರಲಿಲ್ಲ, ಖರೆ. ಪೆನ್ನು ನನ್ನ ಕೈಯಾಗ ಇತ್ತು.

ಮೊನ್ನೆ ಬಂದ್ರು ಡ್ರೋನಿನ ಹುಡುಗುರು,
ಮೂರು ಕೋಟಿ ಎಂಬತ್ತು ಲಕ್ಷದ ಪ್ರಾಜೆಕ್ಟು.
ಗುಡ್ಡದ ಮ್ಯಾಲಿಂದ ಚಿತ್ರ ತಗದು
ಹುಲ್ಲಿನ ಜಾತಿ ಯಂತ್ರಾನ ಹೇಳಬೇಕಂತ.
ಯಂತ್ರಕ್ಕ ಮೊದಲ ಯಾರರೆ ಹೇಳಬೇಕಲ್ಲ?
ಮೇಡಮ್ ನಿವೃತ್ತಿಯಾಗಿ ಆರು ವರ್ಷ.
ಕೀಲಿ ಹಜರೇಸಾಬನ ಹಂತೇಕ, ದಿನಗೂಲಿಯವ,
ಮೂರನೇ ಇಯತ್ತೆ ಕಲಿತು ಲ್ಯಾಟಿನ್ ಹೆಸರು ಹೇಳೂವಂವ.

ಕಪಾಟು ತಗದಾಗ ನಾನೂ ಇದ್ದೆ, ದಾಸ್ತಾನು ಪುಸ್ತಕ ಹಿಡಕೊಂಡು.
ನೂರಾ ನಲವತ್ತು ಹಾಳಿಯೊಳಗ
ಹುಲ್ಲಿನ ಜಾಗಾದಾಗ ಹುಲ್ಲಿನ ಆಕಾರದ ಪುಡಿ.
ಮೂಲಿಯಾಗ ಮೇಡಮ್ಮರ ಅಕ್ಷರ ಇದ್ದಂಗ ಇತ್ತು:
ಡೋಣಿ ಹತ್ತಿರ, ಕಲ್ಲುಸಂದಿ, ಬೆಳಿಗ್ಗೆ, ಮಂಜು.
ಹುಳ ಶಾಯಿ ತಿನ್ನಂಗಿಲ್ಲ ಅಂತ ಅವತ್ತ ಗೊತ್ತಾತು.

ಹಜರೇಸಾಬ ಒಂದೊಂದ ಹಾಳಿ ಮೂಗಿಗೆ ಹಿಡದು
ಹೆಸರು ಹೇಳ್ತಾ ಹ್ವಾದ. ಹುಡುಗುರು ಟೈಪ್ ಮಾಡಿದ್ರು.
'ಚಿತ್ರ ಇಲ್ಲದ ಹೆಸರು ಯಂತ್ರ ತಗೊಳ್ಳಂಗಿಲ್ಲ ಸರ್',
ಅಂದ ಒಬ್ಬ, ಸಣ್ಣ ದನಿಯಾಗ.
ಹಜರೇಸಾಬ ನಿಲ್ಲಸಲಿಲ್ಲ.

ಇವತ್ತ ಬಿಲ್ಲು ಬಂದೈತಿ:
ಹಜರೇಸಾಬ, ತಜ್ಞ ಸಲಹೆ, ಎರಡು ದಿನ.
ಅರ್ಹತಾಪತ್ರ ಲಗತ್ತಿಸಿಲ್ಲ.
ಆಡಿಟ್ನವರು ಆಕ್ಷೇಪಣೆ ಬರೀತಾರ, ಬರೀಲಿ.
ಪೇರಲಕಾಯಿ ಸರಿಸಿ ಬರದೆ: ಇತರೆ ವೆಚ್ಚ.
ಜೋಡಿ ಡಾಂಬರಗುಳಿಗಿ, ಹನ್ನೆರಡು ಕಿಲೋ,
ಖಾಲಿ ಹಾಳಿಗೂ ಹಿಡದು.